ಹಾಸನ, ಚಿಕ್ಕಮಗಳೂರಿನಿಂದ ವಿದೇಶಕ್ಕೆ ಹೊರಟಿದ್ದೀರಾ? ಮನೆ ಬಿಡುವ ಮೊದಲೇ ಮುಗಿಸಬೇಕಾದ ಕೆಲಸಗಳು

ಬೆಂಗಳೂರಿನವರು ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಏನಾದರೂ ಮರೆತದ್ದು ಗೊತ್ತಾದರೆ ಮನೆಯಿಂದ ಯಾರಾದರೂ ಕಾರಿನಲ್ಲಿ ತಂದುಕೊಡುತ್ತಾರೆ. ಬೇಲೂರಿನವರಿಗೆ, ಮೂಡಿಗೆರೆಯವರಿಗೆ ಆ ಅನುಕೂಲ ಇಲ್ಲ. ದೇವನಹಳ್ಳಿ ತಲುಪಿದ ಮೇಲೆ ಪಾಸ್‌ಪೋರ್ಟ್ ಬೀರುವಿನಲ್ಲೇ ಉಳಿದಿದೆ ಅಂತ ನೆನಪಾದರೆ ಅವತ್ತಿನ ಪ್ರಯಾಣ ಅಲ್ಲಿಗೇ ಮುಗಿಯಿತು. ಹಾಗಾಗಿ ನಮ್ಮ ಕಡೆಯವರು ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಮನೆಯ ಜಗಲಿಯಲ್ಲೇ ಕೂತು ಮುಗಿಸಬೇಕು.

ಇದನ್ನು ಮುಖ್ಯವಾಗಿ ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡುವುದಕ್ಕೋ ಮೊದಲ ಸಲ ಹೊರಟ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕೆಲಸಕ್ಕೆ ಗಲ್ಫ್‌ಗೆ ಹೊರಟವರಿಗೂ ಬಹುಪಾಲು ಅನ್ವಯಿಸುತ್ತದೆ.

1. ಟಿಕೆಟ್‌ಗಿಂತ ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ಪಾಸ್‌ಪೋರ್ಟ್ ಇದೆ ಅನ್ನುವುದು ಸಾಲದು. ಅದರ ಅವಧಿ ಎಷ್ಟಿದೆ ನೋಡಿ. ಬಹಳ ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ಆರು ತಿಂಗಳು ಇದ್ದುಬರುವ ಯೋಚನೆ ಇದ್ದರೆ, ವಾಪಸ್ ಬರುವ ದಿನದಿಂದ ಲೆಕ್ಕ ಹಾಕುವುದು ಒಳ್ಳೆಯದು. ದೊಡ್ಡವರ ಪಾಸ್‌ಪೋರ್ಟ್‌ಗೆ 10 ವರ್ಷ, ಮಕ್ಕಳದ್ದಕ್ಕೆ ಸಾಮಾನ್ಯವಾಗಿ 5 ವರ್ಷ ಅವಧಿ. ಮೊಮ್ಮಗನದ್ದು ಮುಗಿದಿರುವುದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಮಲೆನಾಡಿನವರು ಇನ್ನೊಂದು ನೋಡಬೇಕು. ಮಳೆಗಾಲದಲ್ಲಿ ಬೀರುವಿನೊಳಗೆ ಇಟ್ಟದ್ದಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಪಾಸ್‌ಪೋರ್ಟ್‌ಗೂ ಹಿಡಿಯುತ್ತದೆ. ಫೋಟೊ ಇರುವ ಪುಟ ಉಬ್ಬಿದ್ದರೆ, ಹಾಳೆ ಅಂಟಿಕೊಂಡಿದ್ದರೆ, ಹುಳ ತಿಂದಿದ್ದರೆ, ಕೌಂಟರ್‌ನಲ್ಲಿ ‘ಇದು ಹಾಳಾಗಿದೆ’ ಅಂತ ವಾಪಸ್ ಕಳಿಸಬಹುದು. ಹಾಗಿದ್ದರೆ ಈಗಲೇ ಹೊಸದು ಮಾಡಿಸಿ. ಅವಧಿ ಇನ್ನೂ ಇದ್ದು ಹಾಳಾದ ಪಾಸ್‌ಪೋರ್ಟ್‌ಗೆ ಬದಲಾಗಿ 36 ಪುಟದ್ದು ಮಾಡಿಸಲು 3,000 ರೂಪಾಯಿ, ಅವಧಿ ಮುಗಿದದ್ದಕ್ಕೆ ಹೊಸದಾದರೆ 1,500, ತತ್ಕಾಲ್ ಬೇಕಾದರೆ ಅದರ ಮೇಲೆ 2,000. ಅರ್ಜಿ ಆನ್‌ಲೈನ್‌ನಲ್ಲಿ ಹಾಕಿ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಹಾಸನದಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಪೊಲೀಸ್ ಪರಿಶೀಲನೆಗೆ ಬಂದಾಗ ಮನೆಯಲ್ಲಿರಿ, ತೋಟಕ್ಕೆ ಹೋಗಿ ಫೋನ್ ಸಿಗದ ಹಾಗೆ ಮಾಡಿಕೊಳ್ಳಬೇಡಿ.

ಆಮೇಲೆ ಹೆಸರು. ನಮ್ಮ ಕಡೆ ಹಳಬರಿಗೆ ಮನೆತನದ ಹೆಸರು ಅಂತ ಬೇರೆ ಇರುವುದಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು. ಆಧಾರ್‌ನಲ್ಲಿ ಅಕ್ಷರ ಮುಂದೆ, ಬ್ಯಾಂಕಿನಲ್ಲಿ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ. ಟಿಕೆಟ್ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಬೇಕು, ಒಂದಕ್ಷರವೂ ಹೆಚ್ಚುಕಮ್ಮಿ ಬೇಡ. ಮಗ ಅಮೆರಿಕದಲ್ಲಿ ಕೂತು ಟಿಕೆಟ್ ಮಾಡುವಾಗ ಅಮ್ಮನ ಹೆಸರನ್ನು ನೆನಪಿನಿಂದ ಬರೆಯುತ್ತಾನೆ. ಅದಕ್ಕೇ ಮೊದಲು ಪಾಸ್‌ಪೋರ್ಟ್‌ನ ಫೋಟೊ ತೆಗೆದು ಅವನಿಗೆ ವಾಟ್ಸಾಪ್ ಮಾಡಿ.

ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಇದ್ದರೆ ಇನ್ನೂ ಎಚ್ಚರ ಬೇಕು. ಯುಎಇ 2022ರ ನವೆಂಬರ್‌ನಿಂದ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಅವಕಾಶ ಇದೆ. ಅಂಥವರು ಟಿಕೆಟ್ ಮಾಡುವ ಮುಂಚೆಯೇ ವಿಮಾನ ಕಂಪನಿಗೆ ಫೋನ್ ಮಾಡಿ ಕೇಳಿ. ಅಮೆರಿಕದ ವೀಸಾದಲ್ಲಿ ಇಂಥವರ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರೆದಿರುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಗುರುತು ಅಷ್ಟೇ, ಗಾಬರಿಯಾಗಬೇಡಿ.

2. ವೀಸಾ ಮತ್ತು ಅದರ ಜೊತೆಗಿನ ಕಾಗದ

ವೀಸಾ ಬಂದ ದಿನವೇ ಹೆಸರು, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್ ಮೂರನ್ನೂ ತಾಳೆ ನೋಡಿ. ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೂ ವೀಸಾ ಬೇಕಾ ಅಂತ ವಿಮಾನ ಕಂಪನಿಯನ್ನೇ ಕೇಳಿ, ನೆಂಟರನ್ನು ಕೇಳಬೇಡಿ. ಅವರು ಹೋಗಿದ್ದು ಬೇರೆ ವರ್ಷ, ಬೇರೆ ದಾರಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ‘ಇಸಿಆರ್’ ಅಂತ ಇರಬಹುದು. ಅಂಥವರು ಕೆಲಸಕ್ಕಾಗಿ ಸೌದಿ, ಕುವೈತ್, ಯುಎಇ, ಕತಾರ್‌ನಂಥ 18 ದೇಶಗಳಿಗೆ ಹೋಗುವಾಗ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ದೇಶ ಬಿಡಲು ಅನುಮತಿ, ಬೇಕು. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸಕ್ಕೆ ಬದಲಾಯಿಸೋಣ’ ಅನ್ನುವ ಏಜೆಂಟನ ಮಾತು ಕೇಳಬೇಡಿ. ಇಮಿಗ್ರೇಷನ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ನೀವು, ಅವನಲ್ಲ. ಮಕ್ಕಳನ್ನು ನೋಡಲು ಹೋಗುವವರಿಗೆ ಈ ಕ್ಲಿಯರೆನ್ಸ್ ಬೇಡ.

ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್‌ಗೆ ಹೋಗುವವರು ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು. ಇದು ಉಚಿತ. ದುಡ್ಡು ಕೇಳಿದರೆ ಅದು ಸರ್ಕಾರದ ವೆಬ್‌ಸೈಟ್ ಅಲ್ಲ ಅಂತಲೇ ತಿಳಿಯಿರಿ.

3. ಹೊರಡುವ ದಿನ ಯಾವುದು?

ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಇದು. ಬೆಂಗಳೂರಿನಿಂದ ಹೊರಡುವ ಎಷ್ಟೋ ವಿದೇಶಿ ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಏಳುತ್ತವೆ. ನಮ್ಮ ಪಂಚಾಂಗದಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದಾಗ. ಟಿಕೆಟ್‌ನಲ್ಲಿ ಬದಲಾಗುವುದು ರಾತ್ರಿ 12ಕ್ಕೆ. ‘15ನೇ ತಾರೀಖು 3:10’ ಅಂತ ಟಿಕೆಟ್‌ನಲ್ಲಿದ್ದರೆ ನೀವು ಮನೆ ಬಿಡಬೇಕಾದದ್ದು 14ರ ಸಂಜೆ. 15ರ ಸಂಜೆ ಹೂವು ಮುಡಿದುಕೊಂಡು ಹೊರಟರೆ ವಿಮಾನ ಹೋಗಿ ಹದಿನೈದು ಗಂಟೆ ಆಗಿರುತ್ತದೆ. ಟಿಕೆಟ್ ಬಂದ ದಿನವೇ ಗೋಡೆಯ ಕ್ಯಾಲೆಂಡರ್ ಮೇಲೆ ವಿಮಾನದ ತಾರೀಖಿಗೆ ಬದಲು ಮನೆ ಬಿಡುವ ತಾರೀಖನ್ನೇ ಸುತ್ತು ಹಾಕಿ ಗುರುತು ಮಾಡಿ.

ಗಂಟೆಯ ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ವಿಮಾನ 3:10ಕ್ಕೆ. ಬಹಳ ಕಂಪನಿಗಳು ಹೊರಡುವ ಒಂದು ಗಂಟೆ ಮುಂಚೆ ಕೌಂಟರ್ ಮುಚ್ಚುತ್ತವೆ, ಕೆಲವು ಇನ್ನೂ ಮುಂಚೆ. ಚೆಕ್-ಇನ್, ಇಮಿಗ್ರೇಷನ್, ಸೆಕ್ಯುರಿಟಿ ಎಲ್ಲ ಕಡೆ ಸಾಲು ಇರುತ್ತದೆ. ಆದ್ದರಿಂದ ರಾತ್ರಿ 12ಕ್ಕೆ ನಿಲ್ದಾಣದ ಬಾಗಿಲಲ್ಲಿರಬೇಕು. ಹಾಸನದಿಂದ ಸುಮಾರು 200 ಕಿ.ಮೀ., ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಊಟ, ಪಂಕ್ಚರ್, ಮಳೆ, ಟ್ರಾಫಿಕ್ ಅಂತ ಇನ್ನೊಂದೂವರೆ ಗಂಟೆ. ಅಂದರೆ ಸಂಜೆ 6ಕ್ಕೆ ಹಾಸನ ಬಿಡಬೇಕು. ಚಿಕ್ಕಮಗಳೂರಿನವರು 5ಕ್ಕೆ. ಕೊಪ್ಪ, ಶೃಂಗೇರಿ ಕಡೆಯವರು ಮಧ್ಯಾಹ್ನದ ಊಟ ಮುಗಿಸಿದ ಕೂಡಲೇ.

ರಾಹುಕಾಲ ನೋಡುವ ಮನೆಗಳಲ್ಲಿ ಇಲ್ಲಿ ಒಂದು ಜಗಳ ಗ್ಯಾರಂಟಿ. ಅದಕ್ಕೆ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ: ಒಳ್ಳೇ ಗಳಿಗೆಯಲ್ಲಿ ಒಂದು ಬ್ಯಾಗನ್ನು ಪಕ್ಕದ ಮನೆಯಲ್ಲಿ ಪ್ರಸ್ಥಾನ ಇಟ್ಟು, ಆಮೇಲೆ ನಿಮ್ಮ ಸಮಯಕ್ಕೆ ಹೊರಡುವುದು. ಹಾಗೆ ಇಡುವುದಾದರೆ ಬೀಗ ಹಾಕಿದ ಬಟ್ಟೆಯ ಬ್ಯಾಗ್ ಇಡಿ. ಪಾಸ್‌ಪೋರ್ಟ್ ಇರುವ ಬ್ಯಾಗ್ ಖಂಡಿತ ಬೇಡ.

ತೋಟ ಇರುವವರು ಟಿಕೆಟ್ ಮಾಡುವಾಗ ಕೊಯ್ಲನ್ನೂ ನೋಡಿಕೊಳ್ಳಬೇಕು. ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಅದರ ಹಿಂದೆಯೇ ಫೆಬ್ರವರಿವರೆಗೆ. ಆಮೇಲೆ ಹೂವಿಗೆ ನೀರು. ಮಗಳ ಹೆರಿಗೆ ನಮ್ಮ ಕೊಯ್ಲು ನೋಡಿಕೊಂಡು ಬರುವುದಿಲ್ಲ ಅನ್ನಿ, ಆದರೆ ಆಯ್ಕೆ ಇದ್ದರೆ ಏಪ್ರಿಲ್ ಮುಗಿದ ಮೇಲೆ ನೆಮ್ಮದಿ.

4. ಲಗೇಜ್: ಏನು ತುಂಬಬೇಕು, ಏನು ಬಿಡಬೇಕು

ಮನೆಯಲ್ಲಿ ಜಾಸ್ತಿ ಹೊತ್ತು ಹೋಗುವುದು ಇಲ್ಲೇ. ಮೊದಲು ಟಿಕೆಟ್‌ನಲ್ಲಿ ತೂಕ ಎಷ್ಟಿದೆ ನೋಡಿ. ಅಮೆರಿಕದ ಕಡೆಗೆ ಹೆಚ್ಚಾಗಿ 23 ಕೆಜಿಯ ಎರಡು ಪೆಟ್ಟಿಗೆ ಅನ್ನುತ್ತಾರೆ. ಒಂದರಲ್ಲಿ 26, ಇನ್ನೊಂದರಲ್ಲಿ 20 ಇಟ್ಟು ‘ಒಟ್ಟು 46 ತಾನೇ’ ಅಂದರೆ ಕೇಳುವುದಿಲ್ಲ. ಪ್ರತಿ ಪೆಟ್ಟಿಗೆಯ ಲೆಕ್ಕ ಬೇರೆ. ಕಾಫಿ ಚೀಲ ತೂಗುವ ತಕ್ಕಡಿ ಮನೆಯಲ್ಲೇ ಇದ್ದರೆ ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಕೈಯಲ್ಲಿ ಹಿಡಿದು ತೂಗುವ ಸಣ್ಣ ಲಗೇಜ್ ಸ್ಕೇಲ್ ತೆಗೆದುಕೊಳ್ಳಿ. ಒಂದು ಕೆಜಿ ಕಮ್ಮಿಯೇ ಇರಲಿ.

ಈಗ ಅಡುಗೆಮನೆಗೆ ಬರೋಣ. ನಮ್ಮ ಕಡೆಯವರು ಗೊತ್ತಿಲ್ಲದೆ ತುಂಬುವ ಕೆಲವು ಸಾಮಾನುಗಳೇ ದೊಡ್ಡ ತಲೆನೋವು.

ಒಣ ಕೊಬ್ಬರಿ ಬೇಡ. ಅರಸೀಕೆರೆ, ತಿಪಟೂರಿನ ಗಿಟುಕು ಎಷ್ಟೇ ಚೆನ್ನಾಗಿರಲಿ, ವಿಮಾನದವರ ಲೆಕ್ಕದಲ್ಲಿ ಅದು ಬೆಂಕಿ ಹತ್ತುವ ವಸ್ತು. ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಬಿಸಿಯಾಗಿ ತನ್ನಷ್ಟಕ್ಕೆ ಹೊತ್ತಿಕೊಳ್ಳಬಹುದು ಅಂತ. ಸ್ಕ್ಯಾನರ್‌ನಲ್ಲಿ ಕಂಡರೆ ನಿಮ್ಮನ್ನು ಕರೆಸಿ ಪೆಟ್ಟಿಗೆ ಬಿಚ್ಚಿಸುತ್ತಾರೆ. ಕರ್ಪೂರ, ಬೆಂಕಿಪೊಟ್ಟಣ, ಲೈಟರ್‌ಗೂ ಇದೇ ಮಾತು. ಪೂಜೆ ಸಾಮಾನಿನ ಡಬ್ಬಿಯನ್ನು ಹಾಗೇ ಎತ್ತಿಡದೆ ಒಮ್ಮೆ ಬಿಚ್ಚಿ ನೋಡಿ, ಕರ್ಪೂರ ಅದರಲ್ಲೇ ಇರುತ್ತದೆ.

ಗಸಗಸೆಯನ್ನು ಗಲ್ಫ್‌ಗೆ ಯಾವ ಕಾರಣಕ್ಕೂ ಒಯ್ಯಬೇಡಿ. ನಮಗೆ ಅದು ಪಾಯಸದ ಸಾಮಾನು. ಯುಎಇ, ಸೌದಿ ಅರೇಬಿಯಾದಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಸೇರುತ್ತದೆ, ಜೈಲಿಗೂ ಹಾಕಬಹುದು. ಸಿಂಗಪುರದಲ್ಲೂ ನಿಷೇಧ ಇದೆ. ಮಸಾಲೆ ಪುಡಿಯಲ್ಲಿ ಗಸಗಸೆ ಹಾಕಿ ಹುರಿದಿದ್ದರೆ ಅದನ್ನೂ ಬಿಡಿ. ಯುಎಇಗೆ ಎಲೆ ಅಡಿಕೆ ಕೂಡ ಬೇಡ. ಊಟ ಆದ ಮೇಲೆ ಹಾಕಿಕೊಳ್ಳುವ ಅಭ್ಯಾಸ ಇರುವ ಅಜ್ಜಿಯಂದಿರ ಸಂಚಿಯನ್ನು ಮನೆಯಲ್ಲೇ ಇಡಿಸಿ, ಬೈಸಿಕೊಂಡರೂ ಪರವಾಗಿಲ್ಲ.

ಅಮೆರಿಕಕ್ಕೆ ಅಕ್ಕಿ ಬೇಡ. ಹೊಳೆನರಸೀಪುರದ ರಾಜಮುಡಿ ಅಂತ ಎರಡು ಕೆಜಿ ಕಟ್ಟಿದರೆ ಅಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಖಪ್ರಾ ಅನ್ನುವ ಕಾಳು ಕೊರೆಯುವ ಹುಳ ಬರುತ್ತದೆ ಅಂತ ಭಾರತದ ಅಕ್ಕಿಯನ್ನು ಪ್ರಯಾಣಿಕರ ಲಗೇಜ್‌ನಲ್ಲಿ ಬಿಡುವುದಿಲ್ಲ. ಹಸಿ ಕರಿಬೇವಿನ ಸೊಪ್ಪೂ ಬೇಡ, ಅದರಿಂದ ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಬರುತ್ತದೆ ಅನ್ನುವ ಕಾರಣಕ್ಕೆ. ಹಣ್ಣು, ತರಕಾರಿ, ಬಿತ್ತುವ ಬೀಜ, ಹಿತ್ತಲಿನ ಗಿಡದ ಕಡ್ಡಿ ಯಾವುದೂ ಬೇಡ. ಹೂವಿನ ಗಿಡದ ಕಡ್ಡಿ ಅಂದರೆ ಅಮ್ಮಂದಿರಿಗೆ ಪ್ರಾಣ ಅಂತ ಗೊತ್ತು, ಆದರೂ ಬೇಡ.

ಹಾಗಾದರೆ ಏನು ಒಯ್ಯಬಹುದು? ಹುರಿದು ಪುಡಿ ಮಾಡಿದ ಕಾಫಿ ಧಾರಾಳವಾಗಿ ಒಯ್ಯಿರಿ. ಅಂಗಡಿಯಲ್ಲೇ ಗಾಳಿ ಆಡದ ಹಾಗೆ ಪ್ಯಾಕ್ ಮಾಡಿಸಿ, ಹೆಸರಿನ ಚೀಟಿ ಇರಲಿ. ದೊಡ್ಡ ಪೆಟ್ಟಿಗೆಯಲ್ಲೇ ಇಡಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದಲ್ಲಿ 350 ಮಿ.ಲೀ. ಅಳತೆಗಿಂತ ಜಾಸ್ತಿ ಪುಡಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಒಣ ಮೆಣಸು, ಏಲಕ್ಕಿ, ಸಾರಿನ ಪುಡಿ, ಚಕ್ಕುಲಿ, ಕೋಡುಬಳೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬಾಣಂತಿ ಲೇಹವನ್ನು ಮನೆಯಲ್ಲೇ ಕಾಯಿಸಿದ್ದರೆ ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ, ಅದರಲ್ಲಿ ಏನೇನಿದೆ ಅಂತ ಇಂಗ್ಲಿಷ್‌ನಲ್ಲಿ ಚೀಟಿ ಅಂಟಿಸಿ. ತುಪ್ಪ, ಉಪ್ಪಿನಕಾಯಿ, ಜೇನುತುಪ್ಪ ಕೈಚೀಲದಲ್ಲಿ ಬೇಡವೇ ಬೇಡ. ದೊಡ್ಡ ಪೆಟ್ಟಿಗೆಯಲ್ಲಿ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ನಡುವೆ ಹಳೇ ಟವೆಲ್ ಇಡಿ. ಆ ದೇಶ ಬಿಡುತ್ತದೋ ಇಲ್ಲವೋ ಅಂತ ಅಲ್ಲಿರುವ ಮಕ್ಕಳಿಂದ ಮೊದಲೇ ಸರ್ಕಾರಿ ವೆಬ್‌ಸೈಟಿನಲ್ಲಿ ನೋಡಿಸಿ. ಇಳಿದ ಮೇಲೆ ಫಾರ್ಮ್‌ನಲ್ಲಿ ‘ತಿಂಡಿ ಸಾಮಾನು ಇದೆಯಾ’ ಅಂದರೆ ‘ಹೌದು’ ಅಂತಲೇ ಹೇಳಬೇಕು. ಹೇಳಿದರೆ ಹೆಚ್ಚೆಂದರೆ ಸಾಮಾನು ಹೋಗುತ್ತದೆ. ಮುಚ್ಚಿಟ್ಟರೆ ದಂಡ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ತೋಟಕ್ಕೆ ಹಾಕುವ ಶೂ ಒಯ್ಯಬೇಡಿ. ಅಡಿಯಲ್ಲಿ ಮಣ್ಣು ಕಂಡರೆ ಅಲ್ಲೇ ನಿಲ್ಲಿಸಿ ತೊಳೆಸುತ್ತಾರೆ. ಒಯ್ಯಲೇಬೇಕಾದರೆ ಬ್ರಷ್ ಹಾಕಿ ತೊಳೆದು ಒಣಗಿಸಿ.

ಇನ್ನು ಬೇರೆಯವರ ಪೊಟ್ಟಣ. ನೀವು ಹೊರಡುತ್ತೀರಿ ಅಂತ ಬೀದಿಗೆಲ್ಲ ಗೊತ್ತಾದ ಮೇಲೆ ಒಬ್ಬೊಬ್ಬರೇ ಬರುತ್ತಾರೆ. ‘ಅಕ್ಕಾ, ನಮ್ಮ ಹುಡುಗನೂ ಅಲ್ಲೇ ಇರೋದು, ಇಷ್ಟೇ ಇಷ್ಟು’ ಅಂತ. ಬೇಡ ಅನ್ನುವುದು ನಮ್ಮಲ್ಲಿ ಕಷ್ಟ. ಆದರೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದೆಲ್ಲ ನಿಮ್ಮದೇ ಅಂತ ಕಾನೂನು ಹೇಳುತ್ತದೆ, ಕೊಟ್ಟವರು ಯಾರು ಅಂತ ಕೇಳುವುದಿಲ್ಲ. ತೀರಾ ಹತ್ತಿರದವರಾದರೆ ಅವರ ಎದುರಿಗೇ ಬಿಚ್ಚಿ, ನೋಡಿ, ನೀವೇ ಕಟ್ಟಿಕೊಳ್ಳಿ. ಹೊಲಿಗೆ ಹಾಕಿದ್ದು, ಟೇಪ್ ಸುತ್ತಿದ್ದು, ‘ಔಷಧಿ ಇದೆ’ ಅಂದದ್ದು ಯಾವುದನ್ನೂ ಮುಟ್ಟಬೇಡಿ. ‘ತೂಕ ಆಗಲೇ ತುಂಬಿಹೋಗಿದೆ, ತಕ್ಕಡಿ ತೋರಿಸಲಾ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

5. ಕೈಚೀಲ

ಪಾಸ್‌ಪೋರ್ಟ್, ವೀಸಾ ಮತ್ತು ಟಿಕೆಟ್ ಪ್ರಿಂಟ್, ಇನ್ಶೂರೆನ್ಸ್, ಮಾತ್ರೆ, ಕನ್ನಡಕ, ಫೋನ್, ಚಾರ್ಜರ್, ಸ್ವೆಟರ್, ಒಂದು ಜೊತೆ ಬಟ್ಟೆ. ದೊಡ್ಡ ಪೆಟ್ಟಿಗೆ ಎರಡು ದಿನ ತಡವಾಗಿ ಬಂದರೂ ನಡೆಯಬೇಕು. ದ್ರವ ಪದಾರ್ಥ ಒಂದೊಂದು ಬಾಟಲಿ 100 ಮಿ.ಲೀ. ಒಳಗಿರಲಿ, ಎಲ್ಲ ಸೇರಿ ಒಂದು ಲೀಟರ್‌ನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. 100 ವ್ಯಾಟ್-ಅವರ್ ಮಿತಿ. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ, ತೊಂದರೆ ಇಲ್ಲ. ಅಡಿಕೆಕತ್ತರಿ, ಚಾಕು, ಉಗುರು ಕತ್ತರಿ ದೊಡ್ಡ ಪೆಟ್ಟಿಗೆಗೆ.

ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಸ್ಟ್ರಿಪ್‌ನಲ್ಲೇ ಇರಲಿ. ಬಿಪಿ, ಶುಗರ್‌ನದು ಇರುವಷ್ಟು ದಿನಕ್ಕೆ ಆಗುವಷ್ಟು ಒಯ್ಯಿರಿ. ನಿಮ್ಮ ಡಾಕ್ಟರ್ ಹತ್ತಿರ ಔಷಧದ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿ ಮಾಡಿಸಿ. ಬ್ರ್ಯಾಂಡ್ ಹೆಸರು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಗಲ್ಫ್‌ಗೆ ಅನುಮತಿ ಇಲ್ಲದೆ ಒಯ್ಯುವಂತಿಲ್ಲ.

ಇಂಗ್ಲಿಷ್ ಬರದ ಹಿರಿಯರಿಗೆ ಒಂದು ಕಾಗದ ಬರೆದುಕೊಡಿ. ಅದರಲ್ಲಿ ಮಕ್ಕಳ ಹೆಸರು, ವಿಳಾಸ, ಫೋನ್, ವಿಮಾನದ ನಂಬರ್‌ಗಳು, ‘ನನಗೆ ಕನ್ನಡ ಮಾತ್ರ ಬರುತ್ತದೆ, ಈ ನಂಬರಿಗೆ ಫೋನ್ ಮಾಡಿ’ ಅನ್ನುವ ಸಾಲು ಇರಲಿ. ಫೋನ್ ಬ್ಯಾಟರಿ ಸತ್ತರೂ ಕಾಗದ ಸಾಯುವುದಿಲ್ಲ. ಗಾಲಿಕುರ್ಚಿ ಸಹಾಯ ಉಚಿತ, ಟಿಕೆಟ್ ಮಾಡುವಾಗಲೇ ಅಥವಾ ಕನಿಷ್ಠ 48 ಗಂಟೆ ಮುಂಚೆ ಕೇಳಿ. ‘ನಾನೇನು ಕುಂಟಿಯಾ’ ಅಂತ ಅಮ್ಮ ಸಿಟ್ಟಾಗಬಹುದು. ಮಂಡಿ ನೋವಿದ್ದು ಎರಡು ಕಿಲೋಮೀಟರ್ ನಡೆಯುವುದಕ್ಕಿಂತ, ದಾರಿ ಗೊತ್ತಿಲ್ಲದೆ ನಿಲ್ಲುವುದಕ್ಕಿಂತ ಇದು ಎಷ್ಟೋ ವಾಸಿ. ತಳ್ಳುವವರೇ ಇಮಿಗ್ರೇಷನ್ ದಾಟಿಸಿ ಗೇಟಿನವರೆಗೆ ಬಿಡುತ್ತಾರೆ.

6. ದುಡ್ಡು, ಫೋನ್, ಒಡವೆ

ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ. ಬಹುಪಾಲು ದೇಶಗಳಿಗೆ ವಿದೇಶಿ ನೋಟನ್ನು ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಒಯ್ಯಬಹುದು, ನಮ್ಮ ರೂಪಾಯಿ 25,000ದವರೆಗೆ. ಹಳ್ಳಿಯ ಸಿಮ್ ತೆಗೆದು ಎಸೆಯಬೇಡಿ. ಬ್ಯಾಂಕ್ ಒಟಿಪಿ ಬರುವುದು ಅದಕ್ಕೇ. ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ಮುಗಿಯದ ಹಾಗೆ ನೋಡಿಕೊಳ್ಳಿ.

ಒಡವೆ ಕಮ್ಮಿ ಇರಲಿ. ಬೆಲೆಬಾಳುವುದನ್ನು ಒಯ್ಯಲೇಬೇಕಾದರೆ ಬಿಲ್ ಮತ್ತು ಫೋಟೊ ಜೊತೆಗಿರಲಿ, ಹೊರಡುವಾಗ ಕಸ್ಟಮ್ಸ್‌ನವರ ಹತ್ತಿರ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ‘ಇದು ಹೊರಗೆ ಕೊಂಡದ್ದು’ ಅನ್ನುವ ಮಾತು ಬರುವುದಿಲ್ಲ.

7. ಮನೆ, ತೋಟ, ಪಿಂಚಣಿ

ಹಾಸನದವರು ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಕರೆಂಟ್ ಬಿಲ್ ಮುಂಗಡ ಕಟ್ಟಿ. ಗ್ಯಾಸ್ ರೆಗ್ಯುಲೇಟರ್ ತೆಗೆಯಿರಿ, ಸಂಪ್ ಮೋಟರ್ ಸ್ವಿಚ್ ಆಫ್ ಮಾಡಿ. ಒಂದು ಬೀಗದ ಕೈ ನಂಬಿಕೆಯವರ ಹತ್ತಿರ ಇರಲಿ. ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ. ವಿಮಾನದ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ಮನೆ ಖಾಲಿ ಅಂತ ನೀವೇ ಸಾರಬೇಡಿ. ತೋಟದ ರೈಟರ್‌ಗೆ ಬಟವಾಡೆ ದುಡ್ಡು ಯಾರ ಕೈಯಿಂದ ಅಂತ ಮೊದಲೇ ಹೇಳಿ.

ನಿವೃತ್ತರು ನವೆಂಬರ್‌ನಲ್ಲಿ ಎಲ್ಲಿರುತ್ತೀರಿ ಯೋಚಿಸಿ. ಪಿಂಚಣಿಗೆ ಲೈಫ್ ಸರ್ಟಿಫಿಕೇಟ್ ಕೊಡಬೇಕಾದ ತಿಂಗಳು ಅದು. ಹೊರದೇಶದಿಂದ ಹೇಗೆ ಕೊಡುವುದು ಅಂತ ನಿಮ್ಮ ಬ್ಯಾಂಕಿನಲ್ಲಿ ಈಗಲೇ ಕೇಳಿಕೊಳ್ಳಿ.

8. ರಸ್ತೆ

ಗಲ್ಫ್‌ಗೆ ಹೋಗುವ ಸಕಲೇಶಪುರ, ಮೂಡಿಗೆರೆಯವರಿಗೆ ಮಂಗಳೂರಿನ ಬಜ್ಪೆ ಹತ್ತಿರ. ದುಬೈ, ಅಬುಧಾಬಿಗೆಲ್ಲ ಅಲ್ಲಿಂದ ವಿಮಾನ ಇವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿ, ಚಾರ್ಮಾಡಿ ಎರಡೂ ಘಾಟಿಯನ್ನು ನಂಬುವ ಹಾಗಿಲ್ಲ. ಗುಡ್ಡ ಜಾರಿದರೆ ಗಂಟೆಗಟ್ಟಲೆ ನಿಲ್ಲಬೇಕು. ಆ ತಿಂಗಳುಗಳಲ್ಲಿ ಹಿಂದಿನ ದಿನವೇ ಘಾಟಿ ಇಳಿದು ಮಂಗಳೂರಿನಲ್ಲಿ ಉಳಿಯಿರಿ.

ಬೆಂಗಳೂರಿಗೆ ಹಾಸನದಿಂದ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ದಾರಿ. ಭಾನುವಾರ ಸಂಜೆ, ಸಾಲು ರಜೆಯ ಕೊನೆಯ ದಿನ ಆದರೆ ಚಿಕ್ಕಮಗಳೂರು, ಸಕಲೇಶಪುರಕ್ಕೆ ಬಂದ ಪ್ರವಾಸಿಗರೆಲ್ಲ ನಿಮ್ಮ ಜೊತೆಗೇ ವಾಪಸ್ ಹೊರಟಿರುತ್ತಾರೆ. ನೆಲಮಂಗಲದಲ್ಲಿ ಗಾಡಿ ತೆವಳುತ್ತದೆ. ಅವತ್ತು ಎರಡು ಗಂಟೆ ಮುಂಚೆ ಹೊರಡಿ. ನೆಲಮಂಗಲದಿಂದ ಬೆಂಗಳೂರಿನೊಳಗೆ ನುಗ್ಗದೆ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರಬಹುದು. ಕಡೂರು, ತಿಪಟೂರು, ತುಮಕೂರಿನ ಮೇಲೆ ಬರುವವರು ದಾಬಸ್‌ಪೇಟೆಯಲ್ಲೇ ತಿರುಗಿ.

ಬಸ್ಸಿನಲ್ಲಿ ಹೋಗುವವರಿಗೆ ಮೆಜೆಸ್ಟಿಕ್‌ನಿಂದ ನಿಲ್ದಾಣಕ್ಕೆ ವಾಯು ವಜ್ರ ಬಸ್ ಇದೆ. ಒಬ್ಬರೇ, ಒಂದೇ ಪೆಟ್ಟಿಗೆ ಆದರೆ ಇದು ಅಗ್ಗ. ನಾಲ್ಕು ಪೆಟ್ಟಿಗೆ ಇರುವ ಹಿರಿಯ ಜೋಡಿಗೆ ಕಾರೇ ಸರಿ.

ಬೆಂಗಳೂರಿನಲ್ಲಿ ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ, ಡ್ರೈವರ್‌ಗೆ ಮೊದಲೇ ಹೇಳಿ. ಮುಖ ತೋರಿಸಿ ಒಳಗೆ ಹೋಗುವ ಡಿಜಿ ಯಾತ್ರಾ ಆ್ಯಪ್ ದೇಶದೊಳಗಿನ ಪ್ರಯಾಣಕ್ಕೆ ಮಾತ್ರ, ಅದನ್ನು ನಂಬಿ ಕಾಗದ ಬಿಡಬೇಡಿ. ಬೀಳ್ಕೊಡಲು ಬಂದವರನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಅರಿಶಿನ ಕುಂಕುಮ, ಅಳು ಎಲ್ಲ ಮನೆಯಲ್ಲೇ ಮುಗಿಯಲಿ. ಬಿಡಲು ಹೋದವರು ಮಾತ್ರ ತಕ್ಷಣ ಗಾಡಿ ತಿರುಗಿಸಬೇಡಿ. ‘ಇಮಿಗ್ರೇಷನ್ ಆಯಿತು’ ಅಂತ ಒಳಗಿನಿಂದ ಫೋನ್ ಬರುವವರೆಗೆ ಅಲ್ಲೇ ಇರಿ. ಲಗೇಜ್ ಜಾಸ್ತಿಯಾಗಿ ತೆಗೆದ ಸಾಮಾನನ್ನು ವಾಪಸ್ ಒಯ್ಯಲು ಯಾರಾದರೂ ಬೇಕಾಗುತ್ತಾರೆ. ಆಮೇಲೆ ಹಾಸನಕ್ಕೆ ಅದೇ ರಾತ್ರಿ ಹೊರಡುವ ಹಠ ಬೇಡ. ಡ್ರೈವರ್ ಮಧ್ಯಾಹ್ನದಿಂದ ಎಚ್ಚರ ಇದ್ದಾನೆ. ಕಾರಿನಲ್ಲೇ ಆದರೂ ಬೆಳಕು ಹರಿಯುವವರೆಗೆ ಮಲಗಿ ಹೊರಡಿ.